ಹಳದಿ ದೀಪ ಆರಿಸಿದವರು ಯಾರು?

"ಬಾಣ ಯಾವ ಕಡೆಗಿದೆ, ನೀವೇ ನೋಡಿ ಹೇಳಿ," ಎಂದು ಮುಹನ್ನಾ ಟಾರ್ಚನ್ನು ಲೆಫ್ಟಿನೆಂಟ್ ಹುಮೈದನ ಕೈಗಿತ್ತ.

ಹುಮೈದ್ ಟೋಪಿ ತೆಗೆದು ಪಕ್ಕಕ್ಕಿಟ್ಟು ಬಾನೆಟ್ಟಿನಡಿ ತಲೆ ತೂರಿಸಿದ. ಹೆಬ್ಬೆರಳಿನಷ್ಟು ದಪ್ಪದ ಕಪ್ಪು ಪ್ಲಾಸ್ಟಿಕ್ ತುಂಡು. ಅದರ ಎರಡೂ ತುದಿಗೆ ರಬ್ಬರ್ ಪೈಪು. ಮೈಮೇಲೆ ಉಬ್ಬಿಕೊಂಡ ಬಾಣದ ಗುರುತು.

"ಹಿಂದಕ್ಕಿದೆ. ಪೆಟ್ರೋಲ್ ಟ್ಯಾಂಕಿನ ಕಡೆಗೆ."

"ಇರಬೇಕಾದ್ದು?"

"ಎಂಜಿನ್ ಕಡೆಗೆ ಅಂತ ನಿನ್ನೆ ನೀವೇ ಹೇಳಿದ್ರಿ. ಅಲ್ಲಿಗೆ ಮುಗೀತಲ್ಲ ಅಬು ಸೈಫ್? ಮೆಕ್ಯಾನಿಕ್ ಉಲ್ಟಾ ಹಾಕಿದ, ಗಾಡಿ ಸುಟ್ಟಿತು. ನಾಳೆ ಭಾನುವಾರ ಫೈಲು ಸರಕಾರಿ ವಕೀಲರ ಮೇಜಿಗೆ ಹೋಗುತ್ತೆ."

ಎಂಟು ದಿನಗಳ ಹಿಂದೆ, ಶುಕ್ರವಾರ ಮಧ್ಯಾಹ್ನ, ಬಿದಿಯಾದ ಮರಳುಗುಡ್ಡ ಹತ್ತುವ ಪಂದ್ಯದಲ್ಲಿ ಈ ಗಾಡಿ ಅರ್ಧ ಏರಿನಲ್ಲೇ ಹೊತ್ತಿಕೊಂಡಿತ್ತು. ಓಡಿಸುತ್ತಿದ್ದ ಹಿಲಾಲ್ ಮಸ್ಕತ್ತಿನ ಆಸ್ಪತ್ರೆಯಲ್ಲಿ ಗಂಟಲಿಗೆ ನಳಿಗೆ ಹಾಕಿಸಿಕೊಂಡು ಮಲಗಿದ್ದ. ಗಾಡಿಗೆ ಟರ್ಬೊ ಕೂರಿಸಿದ್ದ ಪಠಾಣ ಮೆಕ್ಯಾನಿಕ್ ಗುಲ್ ಜಮಾನ್ ಇದೇ ಇಬ್ರಾ ಠಾಣೆಯ ಲಾಕಪ್ಪಿನಲ್ಲಿದ್ದ.

ಊರವರೆಲ್ಲ ಅಬು ಸೈಫ್, ಅಂದರೆ ಸೈಫನ ಅಪ್ಪ, ಎಂದು ಕರೆಯುವ ಮುಹನ್ನಾ ಇಪ್ಪತ್ತೆರಡು ವರ್ಷ ಸೈನ್ಯದ ವಾಹನ ಕಾರ್ಯಾಗಾರದಲ್ಲಿ ದುಡಿದವನು. ಈಗ ಸುಟ್ಟ ಗಾಡಿ, ಮಗುಚಿದ ಗಾಡಿಗಳನ್ನು ನೋಡಿ ಕೋರ್ಟಿಗೆ ವರದಿ ಬರೆದುಕೊಡುತ್ತಿದ್ದ. ವರದಿಗೆ ಸಹಿ ಹಾಕುವುದೊಂದೇ ಬಾಕಿ. ಆದರೆ ಅವನ ಪೆನ್ನು ಇನ್ನೂ ಜೇಬಿನಲ್ಲೇ ಇತ್ತು.

"ಇನ್ನೊಂದು ನೋಡಿ," ಎಂದ.

ಗಾಡಿಯ ಹಿಂಭಾಗ ಕರಕಲಾಗಿತ್ತು. ಮುಂಭಾಗಕ್ಕೆ ಬೆಂಕಿ ಬರುವ ಮೊದಲೇ ಜನ ಮರಳು ಎರಚಿ ಆರಿಸಿದ್ದರು. ಬ್ಯಾಟರಿ ಹಾಗೇ ಉಳಿದಿತ್ತು. ಪೊಲೀಸರು ಅದನ್ನು ಕಳಚದೆ ಬಿಟ್ಟದ್ದು ಪುಣ್ಯ. ಕಳಚಿದ್ದರೆ ಗಾಡಿಯ ಕಂಪ್ಯೂಟರಿನ ನೆನಪೆಲ್ಲ ಅಳಿಸಿಹೋಗುತ್ತಿತ್ತು. ಮುಹನ್ನಾ ತನ್ನ ಸ್ಕ್ಯಾನರಿನ ತಂತಿಯನ್ನು ಸ್ಟಿಯರಿಂಗಿನ ಕೆಳಗೆ ಸಿಕ್ಕಿಸಿದ.

ಒಂದೇ ಒಂದು ದೋಷದ ಕೋಡ್ ಬಂತು.

"ಏನಿದು?"

"ಆವಿ ವಾಲ್ವಿನಲ್ಲಿ ಹರಿವು ಸರಿಯಿಲ್ಲ ಅಂತ. ಟ್ಯಾಂಕಿನಲ್ಲಿ ಏಳೋ ಪೆಟ್ರೋಲ್ ಆವಿ ಹೊರಗೆ ಹೋಗಿ ಗಾಳಿ ಕೆಡಿಸಬಾರದು ಅಂತ ಒಂದು ಇದ್ದಿಲ ಡಬ್ಬಿ ಇಟ್ಟಿರ್ತಾರೆ. ಆವಿ ಅಲ್ಲಿ ಕೂತಿರುತ್ತೆ. ಎಂಜಿನ್ ಓಡುವಾಗ ವಾಲ್ವ್ ತೆರೆದು ಅದನ್ನ ಎಳ್ಕೊಂಡು ಸುಡುತ್ತೆ. ಕಂಪನಿ ಎಂಜಿನ್ ಆದ್ರೆ ಅಷ್ಟೇ ಕಥೆ."

"ಇದು?"

"ಇದಕ್ಕೆ ಟರ್ಬೊ ಕೂತಿದೆ. ಕಾಲು ಒತ್ತಿದ್ರೆ ಎಂಜಿನ್ ಗಾಳಿ ಎಳೆಯಲ್ಲ, ಟರ್ಬೊ ಅದನ್ನ ಒಳಗೆ ದಬ್ಬುತ್ತೆ. ಆ ಗಾಳಿ ಅದೇ ಪೈಪಿನಲ್ಲಿ ವಾಪಸ್ ಟ್ಯಾಂಕಿಗೆ ನುಗ್ಗಬಾರದು ಅಂತ ಈ ಬಾಣದ ತುಂಡು ಹಾಕ್ತಾರೆ. ಒಂದೇ ಕಡೆ ಬಿಡುತ್ತೆ. ಅದನ್ನ ತಿರುಗಿಸಿಟ್ರೆ ಆವಿ ಬರೋ ದಾರಿ ಮುಚ್ಚುತ್ತೆ, ಗಾಳಿ ನುಗ್ಗೋ ದಾರಿ ತೆರೆಯುತ್ತೆ. ರಸ್ತೆ ಮೇಲೆ ಮೆಲ್ಲಗೆ ಓಡಿಸಿದ್ರೆ ಮೀಟರಿನ ಪಕ್ಕ ಹಳದಿ ದೀಪ ಹತ್ತುತ್ತೆ, ಅಷ್ಟೇ. ಗುಡ್ಡದ ಮೇಲೆ ಕಾಲು ಪೂರ್ತಿ ಒತ್ತಿದ್ರೆ ಟ್ಯಾಂಕು ಬಲೂನಿನ ಹಾಗೆ ಉಬ್ಬಿ, ಸಂದಿಯಲ್ಲಿ ಪೆಟ್ರೋಲ್ ಚಿಮ್ಮಿ, ಕೆಂಡದಂಥ ಸೈಲೆನ್ಸರ್ ಮೇಲೆ ಬೀಳುತ್ತೆ."

ಹುಮೈದ್ ಸುಟ್ಟ ಹಿಂಭಾಗದತ್ತ ಒಮ್ಮೆ ನೋಡಿ ಕಣ್ಣು ತಿರುಗಿಸಿದ.

"ಈಗ ಕೋಡಿನ ಕೆಳಗಿನ ಸಾಲು ಓದಿ."

"ಅಳಿಸಿದ ಮೇಲೆ ಓಡಿದ ದೂರ... ನಲವತ್ತು ಕಿಲೋಮೀಟರ್."

"ಯಾರೋ ಈ ಕೋಡನ್ನ ಮೊದಲೇ ನೋಡಿದಾರೆ. ನೋಡಿ, ಅಳಿಸಿ, ದೀಪ ಆರಿಸಿ ಕಳಿಸಿದಾರೆ. ಆಮೇಲೆ ಗಾಡಿ ನಲವತ್ತು ಕಿಲೋಮೀಟರ್ ಓಡಿ ಸುಟ್ಟಿದೆ. ಗ್ಯಾರೇಜಿನಿಂದ ಗುಡ್ಡಕ್ಕೆ ಅರವತ್ತು. ಹಿಲಾಲ್ ಒಬ್ಬನೇ ಗಾಡಿ ತಂದದ್ದು. ಅಂದ್ರೆ ದೀಪ ಆರಿಸಿದ್ದು ಗ್ಯಾರೇಜಿನಲ್ಲಲ್ಲ, ನಡುದಾರೀಲಿ."

"ಹಿಲಾಲನೇ ಅಳಿಸಿರಬಹುದು."

"ಅವನ ಗಾಡೀಲಿ ಸ್ಕ್ಯಾನರ್ ಸಿಕ್ಕಿತಾ?"

ಹುಮೈದ್ ಟೋಪಿ ಹಾಕಿಕೊಂಡ. "ನಾಳೆ ಬೆಳಿಗ್ಗೆ ಎಂಟರವರೆಗೆ ಟೈಮಿದೆ ನಿಮಗೆ. ಅದರ ಮೇಲೆ ನನ್ನ ಕೈಲಿಲ್ಲ."

* * *

ಗುಲ್ ಜಮಾನನಿಗೆ ಐವತ್ತನಾಲ್ಕು ವರ್ಷ. ಮೆಹಂದಿ ಹಚ್ಚಿದ ಗಡ್ಡ, ಉಗುರಿನ ಸಂದಿಯಲ್ಲಿ ಎಂದೂ ಹೋಗದ ಗ್ರೀಸು. ಕಾಗದದ ಲೋಟದ ಚಹಾವನ್ನು ಅವನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ.

"ಸಾಹೇಬ್, ನನ್ನದು ಹತ್ತೊಂಬತ್ತು ವರ್ಷ ಆಯ್ತು ಇಬ್ರಾದಲ್ಲಿ. ಒಂದು ದಿವಸ ಒಂದು ಗಾಡಿ ವಾಪಸ್ ಬಂದಿಲ್ಲ. ನೀನು ಬಜಾರಲ್ಲಿ ಕೇಳು."

"ಬಾಣ ಉಲ್ಟಾ ಇದೆ ಉಸ್ತಾದ್. ನಾನೇ ಕಣ್ಣಾರೆ ನೋಡ್ದೆ."

"ನಾನು ಹಾಕುವಾಗ ಸೀದಾ ಇತ್ತು. ನಾನು ಬಾಣ ನೋಡೋದಿಲ್ಲ ಸಾಹೇಬ್, ಬಾಣ ಸುಳ್ಳು ಹೇಳ್ತದೆ, ಸಸ್ತಾ ಮಾಲು ಇರ್ತದೆ. ನಾನು ಬಾಯಲ್ಲಿ ಇಟ್ಟು ಊದಿ ನೋಡ್ತಾನೆ. ಈ ಕಡೆ ಹೋಗ್ತದೆ, ಆ ಕಡೆ ಹೋಗೋದಿಲ್ಲ. ಆಮೇಲೆ ಹಾಕ್ತಾನೆ."

"ಯಾವಾಗ ಹಾಕಿದ್ದು?"

"ಒಂದು ತಿಂಗಳು ಮೇಲೆ. ಹಿಲಾಲ್ ಭಾಯಿ ಆಮೇಲೆ ನಾಲ್ಕು ಸಲ ಗುಡ್ಡ ಹತ್ತಿದಾನೆ. ಒಂದು ಸಲ ದೀಪ ಬಂದಿಲ್ಲ. ಉಲ್ಟಾ ಇದ್ರೆ ಮೊದಲ ದಿವಸವೇ ಸುಡಬೇಕಿತ್ತಲ್ಲ?"

ಮುಹನ್ನಾ ಅದನ್ನು ಆಗಲೇ ಯೋಚಿಸಿದ್ದ.

"ಪೈಪಿನ ಕ್ಲಿಪ್ಪು ಹೇಗೆ ಬಿಗಿದಿದ್ದೆ?"

"ಸ್ಕ್ರೂ ತಲೆ ಮೇಲೆ. ಯಾವತ್ತೂ ಮೇಲೆ. ಇಲ್ಲಾಂದ್ರೆ ಆಮೇಲೆ ಬಿಚ್ಚೋಕೆ ನಾನೇ ಕೆಳಗೆ ಮಲಗಬೇಕು, ನನ್ನದು ಬೆನ್ನು ನೋವು."

ಗಾಡಿಯಲ್ಲಿದ್ದ ಎರಡು ಕ್ಲಿಪ್ಪುಗಳ ತಲೆಯೂ ಕೆಳಗಿತ್ತು. ಇದು ಕೋರ್ಟಿನಲ್ಲಿ ನಿಲ್ಲುವ ಸಾಕ್ಷಿಯಲ್ಲ. ಆದರೆ ಬೇರೆ ಯಾರೋ ಬಿಚ್ಚಿ ಹಾಕಿದ್ದಾರೆ ಎನ್ನಲು ಮುಹನ್ನಾನಿಗೆ ಅಷ್ಟು ಸಾಕಿತ್ತು.

"ಪಂದ್ಯಕ್ಕೆ ಮುಂಚೆ ಗಾಡಿ ಎಲ್ಲಿತ್ತು?"

"ಗುರುವಾರ ನಾನು ಎಣ್ಣೆ ಬದಲಿ ಮಾಡಿದ. ಸಾಯಂಕಾಲ ಬೀಗ ಹಾಕಿ ಕೋಣೆಗೆ ಹೋದ. ಶುಕ್ರವಾರ ಗ್ಯಾರೇಜ್ ರಜೆ. ಹಿಲಾಲ್ ಭಾಯಿ ಹತ್ರ ಹೊರಗಿನ ಗೇಟ್ ಕೀಲಿ ಇದೆ, ಬೆಳಿಗ್ಗೆ ಬಂದು ಅಂಗಳದಿಂದ ತಗೊಂಡು ಹೋಗಿದಾನೆ."

"ಖಲ್ಫಾನ್?"

ಖಲ್ಫಾನ್ ಗ್ಯಾರೇಜಿನ ಮಾಲೀಕ.

"ಸೇಟು ಬುಧವಾರವೇ ಮಸ್ಕತ್ ಹೋಗಿದ. ಮದುವೆ ಇತ್ತು ಅಂತ." ಗುಲ್ ಜಮಾನ್ ಲೋಟ ಕೆಳಗಿಟ್ಟ. "ಸಾಹೇಬ್, ಒಂದು ಮಾತು. ಜೈಲು ಹಾಕು, ದೇಶಕ್ಕೆ ವಾಪಸ್ ಕಳಿಸು, ಅದು ಅಲ್ಲಾಹನ ಇಚ್ಛೆ. ಆದ್ರೆ ಗುಲ್ ಜಮಾನ್ ಕೆಲಸ ಕೆಟ್ಟದು ಮಾಡಿದ ಅಂತ ಕಾಗದದಲ್ಲಿ ಬರೀಬೇಡ."

ಮುಹನ್ನಾ ಎದ್ದ. ಬಾಗಿಲ ಬಳಿ ತಿರುಗಿ, "ಚಹಾ ಇನ್ನೊಂದು ಕಳಿಸ್ತೀನಿ," ಎಂದಷ್ಟೇ ಹೇಳಿದ.

* * *

ಗುಡ್ಡದಿಂದ ಹಿಂದಕ್ಕೆ ನಲವತ್ತು ಕಿಲೋಮೀಟರ್ ಅಳೆದರೆ ಸರಿಯಾಗಿ ಯಾಕೂಬನ ಟೈರ್ ಅಂಗಡಿ ಸಿಗುತ್ತಿತ್ತು.

ಯಾಕೂಬ್ ಹಿಲಾಲನ ಚಿಕ್ಕಪ್ಪನ ಮಗ. ನಾಲ್ಕು ವರ್ಷದಿಂದ ಅದೇ ಗುಡ್ಡದಲ್ಲಿ ಹಿಲಾಲ್ ಮೊದಲು, ಯಾಕೂಬ್ ಎರಡನೆಯವನು. ಹಿಲಾಲ್ ಪಂದ್ಯದ ದಿನ ಬೆಳಿಗ್ಗೆ ಈ ಅಂಗಡಿಯ ಮುಂದೆ ಹತ್ತು ನಿಮಿಷ ನಿಂತಿದ್ದನೆಂದು ಪಕ್ಕದ ಚಹಾದಂಗಡಿಯವನೇ ಹೇಳಿದ್ದ. ಯಾಕೂಬನ ಬಳಿ ಸ್ಕ್ಯಾನರ್ ಇರುವುದು ಊರಿಗೇ ಗೊತ್ತಿತ್ತು.

"ಬನ್ನಿ ಅಬು ಸೈಫ್, ಬನ್ನಿ! ಗಾಳಿ ಚಕ್ರಕ್ಕೆ ಬೇಕಾ, ನಿಮಗೆ ಬೇಕಾ?"

ಆನೆಯಂಥ ಆಳು. ಕಸೂತಿ ಟೋಪಿಯನ್ನು ತಲೆಯ ಹಿಂಭಾಗಕ್ಕೆ ಜಾರಿಸಿಕೊಂಡಿದ್ದ. ಎರಡೂ ಅಂಗೈಗೆ ಬಿಳಿ ಪಟ್ಟಿ ಸುತ್ತಿತ್ತು.

"ಕೈಗೇನಾಯ್ತು?"

"ಅಡುಗೆ ಮಾಡ್ತಿದ್ದೆ," ಎಂದ ಯಾಕೂಬ್ ಮುಖ ತಿರುಗಿಸಿ.

ಉರಿಯುವ ಗಾಡಿಯಿಂದ ಹಿಲಾಲನನ್ನು ಎಳೆದು ಹಾಕಿದವನು ಅವನೇ. ಅದು ಮುಹನ್ನಾನಿಗೆ ತಿಳಿದಿತ್ತು. ಆದರೆ ಬೆಂಕಿ ಇಟ್ಟವನೂ ಕೊನೆಗಳಿಗೆಯಲ್ಲಿ ಹೆದರಿ ಆರಿಸಲು ಓಡಬಹುದು ಎಂಬುದೂ ತಿಳಿದಿತ್ತು.

"ನಿನ್ನ ಸ್ಕ್ಯಾನರ್ ತೋರ್ಸು."

"ಯಾಕೆ, ನಿಮ್ಮದು ಕೆಟ್ಟೋಯ್ತಾ?"

"ಯಾಕೂಬ್, ಆಟ ಆಡ್ಬೇಡ. ಆ ಶುಕ್ರವಾರ ಹಿಲಾಲ್ ಇಲ್ಲಿ ನಿಂತಾಗ ಗಾಡೀಲಿ ಹಳದಿ ದೀಪ ಹತ್ತಿತ್ತು. ನೀನು ಕೋಡ್ ಓದ್ದೆ. ಅದು ಏನು ಅಂತ ನಿನಗೆ ಗೊತ್ತಿತ್ತು, ನಿನ್ನ ಗಾಡಿಗೂ ಟರ್ಬೊ ಇದೆ. ಅಳಿಸಿ ಕಳಿಸ್ದೆ."

ಯಾಕೂಬನ ನಗು ನಿಂತಿತು.

"ನಾನು?"

"ನೀನು."

"ನಾನು ಅವನನ್ನ ಸುಡೋಕೆ ಕಳಿಸಿ, ಆಮೇಲೆ ಓಡಿಹೋಗಿ ಎಳ್ಕೊಂಡು ಬಂದೆ. ಅದೇ ತಾನೆ ನಿಮ್ಮ ಲೆಕ್ಕ?"

"ಗಾಡಿಯ ಕಂಪ್ಯೂಟರ್ ಹೇಳ್ತಿದೆ. ಅಳಿಸಿದ ಮೇಲೆ ಓಡಿದ್ದು ನಲವತ್ತು ಕಿಲೋಮೀಟರ್. ಇಲ್ಲಿಂದ ಗುಡ್ಡಕ್ಕೆ ಎಷ್ಟು?"

"ನಲವತ್ತು."

"ಇನ್ನೇನು ಹೇಳೋದಿದೆ?"

ಯಾಕೂಬ್ ಒಂದು ಕ್ಷಣ ಅವನನ್ನೇ ನೋಡಿದ. ಆಮೇಲೆ ತಲೆ ಹಿಂದಕ್ಕೆ ಹಾಕಿ ನಕ್ಕ. ಸಿಟ್ಟಿನ ನಗು.

"ಇಪ್ಪತ್ತೆರಡು ವರ್ಷ ಸೈನ್ಯದಲ್ಲಿದ್ರಂತೆ. ಒಂಟೆ ಮೇಯಿಸ್ತಿದ್ರಾ ಅಲ್ಲಿ? ಅಬು ಸೈಫ್, ಹಿಲಾಲನ ಗಾಡಿಗೆ ಯಾವ ಟೈರ್ ಇತ್ತು?"

ಮುಹನ್ನಾ ಅಂಗಡಿಯ ಟೈರುಗಳತ್ತ ತಿರುಗಿ ನೋಡಿದ.

"ಕೇಳ್ತಿರೋದು ನಾನು. ಯಾವ ಟೈರು?"

"ಮೂವತ್ತಾರು ಇಂಚು," ಎಂದ ಮುಹನ್ನಾ ನಿಧಾನವಾಗಿ.

"ಕಂಪನಿಯಿಂದ ಬಂದಿದ್ದು ಮೂವತ್ತು. ಬದಲಾಯಿಸಿ ಹಾಕಿಕೊಟ್ಟವನು ನಾನೇ. ಹಳೇ ಚಕ್ರ ಅಗೋ, ಇನ್ನೂ ಆ ಮೂಲೇಲಿ ಕೂತಿದೆ. ಅವನ ಗಾಡಿ ಮುಳ್ಳು ನೂರು ತೋರಿಸ್ತಿದ್ರೆ ರಸ್ತೆ ಮೇಲೆ ನೂರಿಪ್ಪತ್ತು ಓಡ್ತಿರುತ್ತೆ. ಮೂರು ಸಲ ಪೊಲೀಸ್ ಕ್ಯಾಮೆರಾಗೆ ಸಿಕ್ಕಿಬಿದ್ದು, ಮುಳ್ಳು ಸರಿ ಮಾಡ್ಸೋ ಅಂದ್ರೆ, ಮುಳ್ಳಿಂದ ಗುಡ್ಡ ಹತ್ತಲ್ಲ ಅಂತಿದ್ದ ಕತ್ತೆ."

ಮುಹನ್ನಾನ ಕಿವಿ ಬಿಸಿಯಾಯಿತು. ಒಂಬತ್ತನೇ ಕ್ಲಾಸಿನ ಗಣಿತ. ಮಾರ್ಪಡಿಸಿದ ಎಂಜಿನ್ನಿನ ಬಗ್ಗೆ ಇಷ್ಟೆಲ್ಲ ಯೋಚಿಸಿದವನು ಗಾಡಿಯ ಕಾಲನ್ನೇ ನೋಡಿರಲಿಲ್ಲ.

ಆದರೆ ಸಂಶಯಿತನ ಬಾಯಿಮಾತನ್ನು ಬರೆದುಕೊಂಡು ಹೋಗುವ ಅಭ್ಯಾಸ ಅವನಿಗಿರಲಿಲ್ಲ. "ಸೀಮೆಸುಣ್ಣ ಕೊಡು," ಎಂದ.

ಇಬ್ಬರೂ ಹಳೆಯ ಚಕ್ರವನ್ನು ಎಳೆದು ತಂದರು. ಅದರ ಮೇಲೊಂದು ಗೆರೆ, ನೆಲದ ಮೇಲೊಂದು ಗೆರೆ ಎಳೆದು, ಗೆರೆ ಮತ್ತೆ ನೆಲ ಮುಟ್ಟುವವರೆಗೆ ಉರುಳಿಸಿದರು. ಎರಡು ಮೀಟರ್ ಮೂವತ್ತೇಳು. ಆಮೇಲೆ ಯಾಕೂಬನ ಸ್ವಂತ ಗಾಡಿಯ ಚಕ್ರ, ಅದೂ ಮೂವತ್ತಾರೇ. ಪಟ್ಟಿ ಸುತ್ತಿದ ಅಂಗೈ ನೋಯದಂತೆ ಯಾಕೂಬ್ ಅದನ್ನು ಮೊಣಕೈಯಿಂದ ದಬ್ಬಿದ. ಎರಡು ಮೀಟರ್ ಎಂಬತ್ತನಾಲ್ಕು.

ಎರಡೂ ಸುತ್ತಿದ್ದು ಒಂದೇ ಸುತ್ತು. ಗಾಡಿಯ ಕಂಪ್ಯೂಟರಿಗೆ ತಿಳಿಯುವುದು ಸುತ್ತು ಮಾತ್ರ. ಚಕ್ರ ದೊಡ್ಡದಾದದ್ದು ಅದಕ್ಕೆ ಗೊತ್ತಿಲ್ಲ. ಅದು ನಲವತ್ತು ಎಂದು ಎಣಿಸುವಷ್ಟರಲ್ಲಿ ಗಾಡಿ ನಿಜಕ್ಕೂ ನಲವತ್ತೆಂಟು ಓಡಿರುತ್ತದೆ.

"ಅವನು ಇಲ್ಲಿಗೆ ಬಂದಾಗ ದೀಪ ಹತ್ತಿರಲಿಲ್ಲ," ಎಂದ ಯಾಕೂಬ್. ದನಿ ಈಗ ತಗ್ಗಿತ್ತು. "ಗಾಡಿ ಒಳಗೆ ಕೂತೇ ಚಹಾ ಕುಡಿದ. ಈ ಸಲವಾದ್ರೂ ನನ್ನ ಹಿಂದೆ ಬಾರೋ ಅಂದೆ. ನಿನ್ನ ಹೊಟ್ಟೆ ಇಳಿಸು, ಆಮೇಲೆ ನೋಡೋಣ ಅಂದ. ಅದೇ ಕೊನೇ ಮಾತು."

ಮುಹನ್ನಾ ಮನಸ್ಸಿನಲ್ಲೇ ರಸ್ತೆ ಅಳೆಯುತ್ತಿದ್ದ. ಇಲ್ಲಿಂದ ಇಬ್ರಾ ಕಡೆಗೆ ಇನ್ನೂ ಎಂಟು ಕಿಲೋಮೀಟರ್. ಅಂಗಡಿಗಳಿಲ್ಲ, ಪೆಟ್ರೋಲ್ ಬಂಕಿಲ್ಲ. ಬರೀ ಖರ್ಜೂರದ ತೋಟಗಳು.

ಅದೇ ಹೊತ್ತಿಗೆ ಯಾಕೂಬನೂ ಆ ಲೆಕ್ಕ ಮಾಡಿ ಮುಗಿಸಿದ್ದ. ಅವನ ಮುಖದ ಬಣ್ಣ ಇಳಿಯಿತು.

"ಅಬು ಸೈಫ್."

"ಏನು?"

"ಅಲ್ಲಿಗೆ ಹೋಗ್ಬೇಡಿ."

"ಎಲ್ಲಿಗೆ?"

"ಎಲ್ಲಿಗೆ ಅಂತ ನಿಮಗೂ ಗೊತ್ತು. ಬೇಕಾದ್ರೆ ನನ್ನ ಹೆಸರೇ ಬರ್ಕೊಳ್ಳಿ. ನಾನೇ ಅಳಿಸ್ದೆ ಅಂತ ಬರ್ಕೊಳ್ಳಿ. ಆ ಮನೇಲಿ ಈಗ ಇಬ್ಬರೇ ಹೆಂಗಸರಿದಾರೆ."

* * *

ನಲವತ್ತೆಂಟನೇ ಕಿಲೋಮೀಟರಿನಲ್ಲಿ ಹಸಿರು ಕಬ್ಬಿಣದ ಗೇಟು. ಅದು ಹಿಲಾಲನ ಮನೆ.

ಹಿಲಾಲನ ತಾಯಿ ಶಮ್ಸಾ ಮುಹನ್ನಾನನ್ನು ಅತಿಥಿಗಳ ಕೋಣೆಯಾದ ಹೊರಗಿನ ಮಜಲಿಸಿನಲ್ಲಿ ಕೂರಿಸಿ, ಖರ್ಜೂರದ ತಟ್ಟೆ ಮುಂದಿಟ್ಟು, ಬಟ್ಟಲಿಗೆ ಕಾಫಿ ಬಗ್ಗಿಸಿದಳು. ಎಪ್ಪತ್ತರ ಮುದುಕಿ, ಬೆನ್ನು ಇನ್ನೂ ನೆಟ್ಟಗಿತ್ತು.

"ತಿನ್ನು ಮಗನೇ. ಬಂದವರೆಲ್ಲ ಅಳೋ ಮುಖ ಹೊತ್ಕೊಂಡು ಬರ್ತಾರೆ, ಖರ್ಜೂರ ಮುಟ್ಟಲ್ಲ. ನನ್ನ ಮಗ ಸತ್ತಿಲ್ಲ. ಮನೇಲಿ ಕಾಫಿ ನಿಲ್ಲಬಾರದು."

"ಇಲ್ಲ ತಾಯಿ, ನಿಲ್ಲಬಾರದು." ಅವನು ಒಂದು ಹಣ್ಣು ಬಾಯಿಗೆ ಹಾಕಿಕೊಂಡ. "ಸೊಸೆ ಇದಾರಾ?"

"ರಯ್ಯಾ! ಬಾ, ಅಬು ಸೈಫ್ ಬಂದಿದಾನೆ. ಮೂರು ದಿನದಿಂದ ಸರಿಯಾಗಿ ಉಂಡಿಲ್ಲ ಅವಳು. ನೀನಾದ್ರೂ ಹೇಳು."

ರಯ್ಯಾ ಬಂದು ಅತ್ತೆಯ ಪಕ್ಕ ಕುಳಿತಳು. ಇಪ್ಪತ್ತೇಳರ ಹೆಣ್ಣುಮಗಳು, ಇಬ್ರಾದ ವೃತ್ತಿ ತರಬೇತಿ ಕಾಲೇಜಿನಲ್ಲಿ ವಾಹನಗಳ ವಿದ್ಯುತ್ ಭಾಗ ಕಲಿಸುತ್ತಾಳೆಂದು ಮುಹನ್ನಾ ದಾರಿಯಲ್ಲಿ ಫೋನ್ ಮಾಡಿ ತಿಳಿದುಕೊಂಡಿದ್ದ. ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು.

ಅವನು ಸುತ್ತಿ ಬಳಸಿ ಮಾತಾಡಲಿಲ್ಲ.

"ಮಗಳೇ, ಆ ದಿನ ಹಳದಿ ದೀಪ ಈ ಅಂಗಳದಲ್ಲಿ ಆರಿದೆ. ಯಾರು ಆರಿಸಿದ್ದು?"

ಶಮ್ಸಾ ಕಾಫಿಯ ಹೂಜಿ ಹಿಡಿದೇ ಸೊಸೆಯತ್ತ ತಿರುಗಿದಳು.

"ನಾನು," ಎಂದಳು ರಯ್ಯಾ.

ಹೊರಗೆ ತೋಟದಲ್ಲಿ ನೀರಿನ ಪಂಪು ಓಡುತ್ತಿತ್ತು.

"ಯಾವ ದೀಪ?" ಎಂದಳು ಶಮ್ಸಾ. "ಏನು ಆರಿಸ್ದೆ ನೀನು?"

"ಅತ್ತೆ, ಗಾಡಿ ತೊಂದರೇಲಿದೆ ಅಂತ ಹೇಳೋ ದೀಪ. ಗ್ಯಾರೇಜಿನಿಂದ ಬರೋ ದಾರೀಲಿ ಹತ್ತಿತ್ತು. ಸ್ವಲ್ಪ ನೋಡು ಅಂದ್ರು ನಿಮ್ಮ ಮಗ. ನಾನು ಕಾಲೇಜಿನ ಸ್ಕ್ಯಾನರ್ ಹಾಕಿ ನೋಡ್ದೆ, ಅಳಿಸ್ದೆ. ಅವರು ಹೋದ್ರು."

ಶಮ್ಸಾ ಹೂಜಿಯನ್ನು ಕೆಳಗಿಟ್ಟಳು. ಸೊಸೆಯ ಕೈಯನ್ನು ಹಿಡಿಯಲಿಲ್ಲ, ತನ್ನ ಕೈಯನ್ನು ಅದರ ಪಕ್ಕದಲ್ಲೇ ಇಟ್ಟುಕೊಂಡಳು.

"ಎಂಟು ದಿನ ನೀನು ಸುಮ್ಮನಿದ್ದೆ," ಎಂದ ಮುಹನ್ನಾ. "ಅಲ್ಲಿ ಒಬ್ಬ ಒಳಗೆ ಕೂತಿದಾನೆ."

"ಅವನೇ ಹೇಳಿದ್ದು!" ರಯ್ಯಾಳ ದನಿ ಏರಿತು. "ನಾನು ಹಾಗೇ ಕಳಿಸ್ಲಿಲ್ಲ ಅಬು ಸೈಫ್. ಕಂಪನಿ ಎಂಜಿನ್ ಆಗಿದ್ರೆ ನನಗೇ ಗೊತ್ತಾಗ್ತಿತ್ತು. ಟರ್ಬೊ ಹಾಕಿದ ಎಂಜಿನ್ ನಾನು ಕಲಿಸೋದಿಲ್ಲ, ನನಗೆ ಗೊತ್ತಿಲ್ಲ. ಅದಕ್ಕೇ ಗ್ಯಾರೇಜಿಗೆ ಫೋನ್ ಮಾಡ್ದೆ. ಗ್ಯಾರೇಜಿನ ಬಿಲ್ ಚೀಟೀಲಿ ನಂಬರ್ ಇತ್ತು."

"ಯಾರು ಎತ್ತಿದ್ರು?"

"ಗುಲ್ ಜಮಾನ್."

ಮುಹನ್ನಾ ಬಟ್ಟಲನ್ನು ತಟ್ಟೆಗಿಟ್ಟ.

"ಏನಂದ? ಅವನು ಆಡಿದ ಮಾತು ಹಾಗ್‌ಹಾಗೇ ಹೇಳು."

ರಯ್ಯಾ ಕಣ್ಣು ಮುಚ್ಚಿದಳು. ಈ ಮಾತನ್ನು ಅವಳು ಎಂಟು ದಿನದಿಂದ ಮನಸ್ಸಿನಲ್ಲೇ ಕೇಳುತ್ತಿದ್ದಳು, ಹುಡುಕಬೇಕಾಗಿರಲಿಲ್ಲ.

"'ಗುಲ್ ಜಮಾನ್ ಮಾತಾಡೋದು. ಹೆದರ್ಕೋಬೇಡ ಮಗಳೇ. ಆ ವಾಲ್ವಿನ ಬಾಣ ನಾನೇ ನೋಡಿ ಹಾಕಿದೀನಿ. ಟ್ಯಾಂಕಿನ ಮುಚ್ಚಳ ಸಡಿಲ ಆಗಿರುತ್ತೆ, ಬಿಗಿ ಮಾಡಿ ಕೋಡ್ ಅಳಿಸಿಬಿಡು. ಏನೂ ಆಗಲ್ಲ.' ಮುಚ್ಚಳ ಬಿಗಿ ಮಾಡ್ದೆ. ಅಳಿಸ್ದೆ. ಆಮೇ‌ಲೆ ಪೊಲೀಸರು ಅವನನ್ನ ಹಿಡಿದ್ರು. ಉಲ್ಟಾ ಹಾಕಿದವನೇ ಅವನು, ನನಗೆ ಸುಳ್ಳು ಹೇಳಿದವನೂ ಅವನು. ತಪ್ಪು ಮಾಡಿದವನು ಒಳಗಿದಾನಲ್ಲ, ನನ್ನ ಕೈಯೂ ಅದರಲ್ಲಿದೆ ಅಂತ ಅತ್ತೆಗೆ ಯಾಕೆ ಗೊತ್ತಾಗ್ಬೇಕು ಅಂತ..." ಅವಳು ಮಾತು ನಿಲ್ಲಿಸಿದಳು.

"ನೀನು ಬಾಣದ ಮಾತು ಎತ್ತಿದ್ಯಾ?"

"ಇಲ್ಲ. ಕೋಡ್ ನಂಬರ್ ಮಾತ್ರ ಹೇಳ್ದೆ."

"ಅವನು ಹೀಗೇ ಮಾತಾಡಿದ್ನಾ? ಇಷ್ಟು ಸಲೀಸಾಗಿ? 'ಮಾತಾಡೋದು', 'ಹೆದರ್ಕೋಬೇಡ' ಅಂತ?"

"ಹೌದು. ನಮ್ಮ ಕಡೆಯವರ ಹಾಗೇ."

"ಗುಲ್ ಜಮಾನನ ಜೊತೆ ಮುಂಚೆ ಯಾವತ್ತಾದ್ರೂ ಮಾತಾಡಿದೀಯಾ?"

"ಗ್ಯಾರೇಜಿಗೆ ನಾನೆಲ್ಲಿ ಹೋಗ್ಲಿ? ಅವನನ್ನ ನೋಡೇ ಇಲ್ಲ."

ಮುಹನ್ನಾ ಒಂದು ಉಸಿರು ಬಿಟ್ಟ.

"ಮಗಳೇ, ಗುಲ್ ಜಮಾನ್ ಹತ್ತೊಂಬತ್ತು ವರ್ಷದಿಂದ ಇಲ್ಲಿದಾನೆ. ಇವತ್ತಿಗೂ ಅವನಿಗೆ 'ನಾನು ಮಾಡ್ತೀನಿ' ಅನ್ನೋಕೆ ಬರಲ್ಲ. 'ನಾನು ಮಾಡ್ತಾನೆ' ಅಂತಾನೆ. ಶುಕ್ರವಾರ ಗ್ಯಾರೇಜಿಗೆ ಬೀಗ. ಅವನು ಅಲ್ಲಿರ್ಲೇ ಇಲ್ಲ."

ಎಂಟು ದಿನದಿಂದ ತಾನು ಬೈಯುತ್ತಿದ್ದ ಮನುಷ್ಯ ಯಾರು, ತನ್ನೊಡನೆ ಮಾತಾಡಿದವನು ಯಾರು ಎಂದು ರಯ್ಯಾ ಒಂದೊಂದಾಗಿ ಜೋಡಿಸುತ್ತಿದ್ದದ್ದು ಮುಖದಲ್ಲೇ ಕಾಣುತ್ತಿತ್ತು.

"ಆ ಬಡಪಾಯಿ," ಎಂದಳು ಕೊನೆಗೆ. "ಮತ್ತೆ ನಾನು..."

"ಆಮೇಲೆ ಅಳಬಹುದು," ಎಂದಳು ಶಮ್ಸಾ. ಈಗ ಅವಳು ಸೊಸೆಯ ಕೈಯನ್ನು ಗಟ್ಟಿಯಾಗಿ ಹಿಡಿದಿದ್ದಳು. "ಮೊದಲು ಅವನು ಕೇಳಿದ್ದಕ್ಕೆಲ್ಲ ಉತ್ತರ ಕೊಡು."

"ಆ ಸ್ಕ್ಯಾನರ್ ನೀನು ಓದಿದ್ದನ್ನ ಉಳಿಸಿಕೊಂಡಿರುತ್ತಾ?"

"ಉಳಿಸಿಕೊಂಡಿದೆ. ತಾರೀಖು, ಗಂಟೆ ಎಲ್ಲ ಇದೆ. ನೋಡೋಕೆ ಧೈರ್ಯ ಬರ್ಲಿಲ್ಲ ನನಗೆ. ಬೀರುವಿನಲ್ಲಿಟ್ಟಿದೀನಿ."

"ಫೋನ್ ಮಾಡಿದ್ದು ಯಾವುದರಿಂದ?"

ರಯ್ಯಾ ತನ್ನ ಮೊಬೈಲನ್ನು ಅವನ ಮುಂದಿಟ್ಟಳು. ಹಳೆಯ ಕರೆಗಳ ಪಟ್ಟಿಯಲ್ಲಿ ಆ ನಂಬರು ಇತ್ತು. ಶುಕ್ರವಾರ ಬೆಳಿಗ್ಗೆ ಎಂಟು ಹತ್ತು. ಎರಡು ನಿಮಿಷ. ಗ್ಯಾರೇಜಿನ ತಂತಿ ಫೋನಿನ ನಂಬರು.

ಬೆಂಕಿ ಬಿದ್ದ ಮಾರನೇ ದಿನವೇ ಆ ಗ್ಯಾರೇಜಿಗೆ ಪೊಲೀಸರು ಅರಗಿನ ಮೊಹರು ಹಾಕಿದ್ದರು. ಇವತ್ತು ಬೆಳಿಗ್ಗೆ ಠಾಣೆಗೆ ಹೋಗುವಾಗ ಮುಹನ್ನಾ ಅದರ ಮುಂದೆಯೇ ಹಾದು ಹೋಗಿದ್ದ. ಮೊಹರು ಹಾಗೇ ಇತ್ತು. ಫೋನು ಒಳಗೆ ಮೇಜಿನ ಮೇಲೆ ಸುಮ್ಮನೆ ಬಡಿದುಕೊಂಡು ನಿಲ್ಲಬೇಕು. ಆದರೂ ಒಮ್ಮೆ ನೋಡಿಬಿಡೋಣವೆಂದು ಅವನು ಆ ನಂಬರನ್ನೇ ಒತ್ತಿ, ಮೂವರಿಗೂ ಕೇಳುವಂತೆ ಸ್ಪೀಕರ್ ಹಾಕಿದ.

ಒಂದು ಸಲ ಬಡಿಯಿತು. ಎರಡು ಸಲ.

ಮೂರನೆಯದಕ್ಕೆ ಯಾರೋ ಎತ್ತಿದರು.

ಮುಹನ್ನಾ ಬೆರಳನ್ನು ತುಟಿಯ ಮೇಲಿಟ್ಟ. ಆ ಕಡೆಯವನಿಗೆ ರಯ್ಯಾಳ ನಂಬರು ಕಾಣಿಸಿರಬೇಕು. ಅವನ ದನಿಯಲ್ಲಿ ಅವಸರವಿರಲಿಲ್ಲ, ಅಪ್ಪಟ ಊರಿನ ಮಾತು.

"ಹೇಳು ಮಗಳೇ. ಗುಲ್ ಜಮಾನ್ ಮಾತಾಡೋದು."

ರಯ್ಯಾ ತಲೆಯಾಡಿಸಿದಳು: ಅದೇ ದನಿ.

"ನೀನೇ ಫೋನ್ ಮಾಡಿದ್ದು ಒಳ್ಳೇದಾಯ್ತು," ಎಂದಿತು ದನಿ. "ಆ ದಿನ ಕೋಡ್ ಓದಿದ್ಯಲ್ಲ, ಆ ಯಂತ್ರ ಇನ್ನೂ ನಿನ್ನ ಹತ್ರಾನೇ ಇದೆಯಾ?"

ಇಲ್ಲ ಅನ್ನು ಎಂದು ಮುಹನ್ನಾ ಕೈಸನ್ನೆ ಮಾಡಿದ. ರಯ್ಯಾ ಅದನ್ನು ನೋಡಿದಳು. ಫೋನನ್ನು ತನ್ನತ್ತ ಎಳೆದುಕೊಂಡಳು.

"ಇದೆ," ಎಂದಳು. "ಕಾಲೇಜಿನವರು ಕೇಳ್ತಿದಾರೆ, ನಾಳೆ ವಾಪಸ್ ಕೊಡ್ಬೇಕು. ನಿಮಗೆ ಬೇಕಿದ್ರೆ ಇವತ್ತೇ ಬನ್ನಿ."

ಆ ಕಡೆ ಗಾಡಿಯೊಂದರ ಬಾಗಿಲು ಮುಚ್ಚಿದ ಸದ್ದು.

"ಮನೇಲಿ ಯಾರಿದಾರೆ?"

"ಅತ್ತೆ, ನಾನು. ಇಬ್ಬರೇ."

"ಅರ್ಧ ಗಂಟೇಲಿ ಬರ್ತೀನಿ."

ಫೋನ್ ಕಡಿಯಿತು. ಮೊಹರು ಬಿದ್ದ ಗ್ಯಾರೇಜಿನ ಫೋನನ್ನು ತನ್ನ ಮೊಬೈಲಿಗೆ ತಿರುಗಿಸಿಕೊಳ್ಳಬಲ್ಲವನು ಮಾಲೀಕ ಖಲ್ಫಾನ್ ಒಬ್ಬನೇ. ಮುಹನ್ನಾ ಎದ್ದು ಕಿಟಕಿಯ ಬಳಿ ಹೋಗಿ, ಗೇಟಿನಾಚೆ ನಿಲ್ಲಿಸಿದ್ದ ತನ್ನ ಗಾಡಿಯನ್ನು ಎಲ್ಲಿ ಮರೆಮಾಡುವುದೆಂದು ನೋಡತೊಡಗಿದ. ಶಮ್ಸಾ ಒಳಗೆ ಹೋಗಿ, ಇನ್ನೊಂದು ಬಟ್ಟಲು ತಂದು ತಟ್ಟೆಯಲ್ಲಿಟ್ಟಳು.